ನೂರ ಒಂಬತ್ತೂವರೆ ಡಿಗ್ರಿ

ಜೂನ್ 4

ಪ್ರೀತಿಯ ಮಾವ,

ನಮಸ್ಕಾರ. ಫೋನಿನಲ್ಲೇ ಹೇಳೋಣವೆಂದು ಮೂರು ಸಲ ಪ್ರಯತ್ನಿಸಿದೆ. ಮೂರು ಸಲವೂ ನೀವು “ಆಂ? ಯಾರು? ಆಂ?” ಎಂದು ಕೇಳಿ ಇಟ್ಟುಬಿಟ್ಟಿರಿ. ಮರ ಕಡೆಯುವ ಲೇತ್ ಅಷ್ಟು ಜೋರಾಗಿ ತಿರುಗುತ್ತಿದೆ ಎಂದರೆ ಮರದ ಕೆಲಸ ಭರ್ಜರಿಯಾಗಿ ನಡೆದಿದೆ ಎಂದೇ ಅರ್ಥ. ಸಂತೋಷ. ಅದಕ್ಕೇ ಈ ಪತ್ರ.

ನಿಮಗೆ ಗೊತ್ತಿರುವ ಹಾಗೆ ನಾನು ಇಲ್ಲಿನ ಶಾಲೆಯಲ್ಲಿ ರಸಾಯನಶಾಸ್ತ್ರದ ಟೀಚರಾಗಿ ಸೇರಿ ಏಳು ತಿಂಗಳಾಯಿತು. ಪ್ರಯೋಗಶಾಲೆ ಎಂಬ ಹೆಸರಿನ ಕೋಣೆಯೊಂದಿದೆ. ಅದರ ಕಪಾಟಿನಲ್ಲಿ ಅಣುಗಳ ಮಾದರಿ ಜೋಡಿಸುವ ಮರದ ಉಂಡೆಗಳ ಪೆಟ್ಟಿಗೆ ಇದೆಯೆಂದು ಪಟ್ಟಿಯಲ್ಲಿ ಬರೆದಿದೆ. ತೆರೆದರೆ ಒಳಗೆ ಮೂರು ಕೆಂಪು ಉಂಡೆ, ಒಂದು ಹಲ್ಲಿಮೊಟ್ಟೆ, ಯಾರದೋ ಬಾಚಣಿಗೆ. ಕರಿ ಉಂಡೆಗಳೆಲ್ಲಿ ಎಂದು ಜವಾನರನ್ನು ಕೇಳಿದೆ. “ಗೋಲಿ ಆಡಿ ಕಳೆದ್ರು ಮೇಡಂ. ಬಲು ಚೆನ್ನಾಗಿ ಉರುಳ್ತಿದ್ವು,” ಎಂದರು, ತಾವೂ ಆಡಿದವರ ಮುಖ ಮಾಡಿಕೊಂಡು.

ಕರಿ ಉಂಡೆಯೆಂದರೆ ಇಂಗಾಲ. ಇದ್ದಿಲು, ಸಕ್ಕರೆ, ಸೀಮೆಎಣ್ಣೆ, ಪೆನ್ಸಿಲಿನ ಕಡ್ಡಿ, ವಜ್ರ, ನೀವು, ನಾನು, ಎಲ್ಲದರೊಳಗೂ ಅದೇ ಇಂಗಾಲ. ಅದಕ್ಕೆ ನಾಲ್ಕು ಕೈ ಎಂದಿಟ್ಟುಕೊಳ್ಳಿ. ಒಂದನ್ನೂ ಖಾಲಿ ಬಿಡುವುದಿಲ್ಲ, ಯಾರದಾದರೂ ಕೈ ಹಿಡಿದೇ ಇರುತ್ತದೆ. ಯಾರ ಕೈಯನ್ನು ಹೇಗೆ ಹಿಡಿಯಿತು ಎನ್ನುವುದರ ಮೇಲೆ ವಸ್ತುವೇ ಬೇರೆಯಾಗುತ್ತದೆ.

ನನಗೆ ನಿಂಬೆಹಣ್ಣಿನ ಗಾತ್ರದ ನಲವತ್ತು ಕರಿ ಉಂಡೆ ಬೇಕು. ಒಂದೊಂದಕ್ಕೂ ಕಡ್ಡಿ ಸಿಕ್ಕಿಸಲು ನಾಲ್ಕು ತೂತು. ಚಿತ್ರ ಬರೆದು ಕೆಳಗೆ ಹಾಕಿದ್ದೇನೆ. ಸೆಪ್ಟೆಂಬರಿನಲ್ಲಿ ಶಾಲೆಯ ತಪಾಸಣೆಗೆ ಅಧಿಕಾರಿಯೊಬ್ಬರು ಬರುತ್ತಾರೆ. ಹಾಗಾಗಿ ಸ್ವಲ್ಪ ಅವಸರ, ಅಷ್ಟೇ. ಬೇರೇನೂ ಇಲ್ಲ.

ನಿಮ್ಮ ಅಕ್ಕನ ಮಗಳು


ಜೂನ್ 20

ಪುಟ್ಟಿಗೆ ಮಾವನ ಆಶೀರ್ವಾದ.

ಫೋನು ಕೆಟ್ಟಿದೆ. ನಿಮ್ಮತ್ತೆಗೆ ಮಾತ್ರ ಅದರಲ್ಲಿ ಎಲ್ಲ ಕೇಳಿಸುತ್ತದೆ, ಹೇಗೋ ಗೊತ್ತಿಲ್ಲ.

ಇಲ್ಲಿ ಕೆಲಸ ತಲೆಯ ಮೇಲೆ ಬಿದ್ದಿದೆ. ಮಂಚದ ಕಾಲು, ಮೆಟ್ಟಿಲಿನ ಕಂಬ, ಒಬ್ಬ ವಕೀಲರಿಗೆ ಊರುಗೋಲು. ಉಸಿರಾಡಲು ಪುರುಸೊತ್ತಿಲ್ಲ. ಆದರೂ ಅಕ್ಕನ ಮಗಳು ಕೇಳಿದಳಲ್ಲ ಎಂದು ಎಲ್ಲವನ್ನೂ ಬದಿಗಿಟ್ಟು ನಿನ್ನ ಕೆಲಸ ಹಿಡಿದೆ.

ಪಾರ್ಸೆಲ್ ಬಿಚ್ಚಿ ನೋಡು. ಹಳೆಯ ಬೀಟೆಮರದ ತುಂಡು, ಇಂಥ ಮರ ಈಗ ಸಿಗುವುದಿಲ್ಲ. ಮರಳು ಕಾಗದದಲ್ಲಿ ಮೂರು ಸಲ ಉಜ್ಜಿದ್ದೇನೆ. ಬೇಕಾದರೆ ಕೆನ್ನೆಗೆ ಒತ್ತಿಕೊಂಡು ನೋಡು. ಅಳತೆಪಟ್ಟಿ ಇಟ್ಟು ಪರೀಕ್ಷೆ ಮಾಡು, ತೂತಿಗೂ ತೂತಿಗೂ ನಡುವೆ ತೊಂಬತ್ತು ಡಿಗ್ರಿ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೆ ನನ್ನ ಹೆಸರು ಬದಲಾಯಿಸು. ನಲವತ್ತಕ್ಕೆ ಎರಡು ಹೆಚ್ಚಿಗೆ ಹಾಕಿದ್ದೇನೆ, ನಿಮ್ಮ ಜವಾನರಿಗೆ ಉರುಳಿಸಿಕೊಳ್ಳಲು.

ತಪಾಸಣೆಯ ಅಧಿಕಾರಿ ಬಂದಾಗ ಯಾರು ಮಾಡಿದ್ದು ಎಂದು ಕೇಳಿದರೆ ಮಾವ ಎನ್ನು. ಕೇಳದಿದ್ದರೂ ಎನ್ನು.

ನಿನ್ನ ಮಾವ


ಜೂನ್ 29

ಪ್ರೀತಿಯ ಮಾವ,

ಪಾರ್ಸೆಲ್ ತಲುಪಿತು. ಎಷ್ಟು ನುಣುಪು! ಎಷ್ಟು ಹೊಳಪು! ಗಣಿತದ ಮೇಷ್ಟ್ರು ಒಂದನ್ನು ಕೈಗೆತ್ತಿಕೊಂಡವರು ಮರಳಿ ಕೊಡಲು ಮರೆತಂತೆ ನಟಿಸಿದರು. ಮುಖ್ಯೋಪಾಧ್ಯಾಯಿನಿಯವರು ನಿಜವಾಗಿಯೂ ಕೆನ್ನೆಗೆ ಒತ್ತಿಕೊಂಡರು. ಇಂಥ ಕೆಲಸಗಾರಿಕೆ ಈ ಊರಲ್ಲಿ ಯಾರೂ ನೋಡಿಲ್ಲ.

ಒಂದು ಸಣ್ಣ ವಿಷಯ. ತುಂಬ ಸಣ್ಣದು. ಇಂಗಾಲದ ನಾಲ್ಕು ಕೈ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿ ಇರುವುದಿಲ್ಲ. ಮೂರು ಕಾಲಿನ ಪೀಠವನ್ನು ನೆನೆದುಕೊಳ್ಳಿ. ಮೂರು ಕಾಲು ಕೆಳಗೆ ಅಗಲಿಸಿ ನಿಂತಿವೆ, ನಾಲ್ಕನೆಯದು ನೇರ ಮೇಲಕ್ಕೆ ಎದ್ದಿದೆ. ಹಾಗೆ. ಆಗ ಯಾವ ಎರಡು ಕೈಗಳ ನಡುವೆ ಅಳೆದರೂ ನೂರ ಒಂಬತ್ತೂವರೆ ಡಿಗ್ರಿ ಬರುತ್ತದೆ.

ಹೀಗಾಗಿ, ನಿಮಗೆ ಬೇಸರವಿಲ್ಲದಿದ್ದರೆ, ಬಿಡುವಿದ್ದರೆ, ಇನ್ನೊಂದು ನಲವತ್ತು ಮಾಡಲಾದೀತೆ? ಈಗಿನವು ವ್ಯರ್ಥವಾಗಲಿಲ್ಲ. ಪರೀಕ್ಷೆಯ ಕಾಗದ ಹಾರದಂತೆ ಮೇಲೆ ಇಡಲು ಬಹಳ ಚೆನ್ನಾಗಿವೆ.

ನಿಮ್ಮ ಪುಟ್ಟಿ


ಜುಲೈ 5

ಪುಟ್ಟಿ,

ಕಾಗದ ಹಾರದಂತೆ ಇಡಲು ಕಲ್ಲು ಸಾಕು. ಬೀಟೆಮರ ಬೇಕಾಗಿಲ್ಲ.

ನಲವತ್ತೊಂದು ವರ್ಷದಿಂದ ತೂತು ಕೊರೆಯುತ್ತಿದ್ದೇನೆ. ಇದುವರೆಗೆ ಒಂದು ಕುರ್ಚಿಯೂ “ನನಗೆ ನೂರ ಒಂಬತ್ತೂವರೆ ಬೇಕು” ಎಂದಿಲ್ಲ. ಹೋಗಲಿ, ಆ ಅರ್ಧ ಯಾರಿಗೆ ಬೇಕಾಗಿತ್ತು? ನೂರ ಹತ್ತು ಎಂದಿದ್ದರೆ ಇಂಗಾಲದ ಗಂಟೇನು ಹೋಗುತ್ತಿತ್ತು?

ನಿಮ್ಮತ್ತೆ ನಿನ್ನ ಪರ. “ಅವಳು ಓದಿದೋಳು, ಸುಮ್ನೆ ಹೇಳಲ್ಲ,” ಅಂದಳು. “ಓದಿದೋಳು ಬರೆದ ಚಿತ್ರ ನೋಡಿಲ್ಲಿ,” ಅಂದೆ. ನೋಡಿ ಅಡುಗೆಮನೆಗೆ ಹೋದಳು. ನೀನೂ ನೋಡು. ಜೂನ್ ನಾಲ್ಕರ ನಿನ್ನ ಪತ್ರದ ಕೊನೆಯ ಭಾಗವನ್ನು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ನಡುವೆ ಒಂದು ಗುಂಡು, ನಾಲ್ಕು ದಿಕ್ಕಿಗೆ ನಾಲ್ಕು ಗೆರೆ. ಸಂಕಲನದ ಚಿಹ್ನೆ. ನೀನು ಬರೆದದ್ದನ್ನೇ ನಾನು ಮಾಡಿದ್ದೇನೆ.

ಮಾವ


ಜುಲೈ 12

ಪ್ರೀತಿಯ ಮಾವ,

ನಿಮ್ಮ ಚೀಟಿಯನ್ನು ಸ್ಟಾಫ್ ರೂಮಿನಲ್ಲಿ ಬಿಚ್ಚಿದೆ. ನನ್ನದೇ ಚಿತ್ರ ನೋಡಿ ಕಿವಿ ಬಿಸಿಯಾಯಿತು. ಆಮೇಲೆ ಬೇರೊಂದು ಯೋಚನೆ ಬಂದು ಕಿವಿ ತಣ್ಣಗಾಯಿತು.

ನೇರ ತರಗತಿಗೆ ಹೋಗಿ ಒಬ್ಬೊಬ್ಬರಿಗೂ ಒಂದು ಉಂಡೆ ಜೇಡಿಮಣ್ಣು, ನಾಲ್ಕು ಬೆಂಕಿಕಡ್ಡಿ ಕೊಟ್ಟೆ. ಇಂಗಾಲದ ಸುತ್ತ ನಾಲ್ಕು ಜಲಜನಕ ಕೂತಿರುವ ಮೀಥೇನ್ ಅನಿಲದ ಚಿತ್ರವನ್ನು ತಿಂಗಳಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ, ಅದನ್ನು ಮಾಡಿ ಎಂದೆ. ಮೂವತ್ತನಾಲ್ಕು ಮಕ್ಕಳು. ಡೆಸ್ಕಿನ ಮೇಲೆ ಮೂವತ್ತನಾಲ್ಕು ಸಂಕಲನದ ಚಿಹ್ನೆ, ಚಪಾತಿಯಷ್ಟು ಚಪ್ಪಟೆ. ಕೊನೆಯ ಬೆಂಚಿನಲ್ಲಿ ಒಬ್ಬಳು ಹುಡುಗಿಯಿದ್ದಾಳೆ, ಎಲ್ಲರೂ ಅವಳನ್ನು ವಕೀಲಿ ಎಂದೇ ಕರೆಯುವುದು. “ಮೇಡಂ, ನೀವೇ ತಾನೇ ಹೀಗೆ ಬರೆದಿದ್ದು? ನಮ್ಮದೇನು ತಪ್ಪು?” ಎಂದಳು. ನಿಮ್ಮ ಧಾಟಿಯೇ.

ಮಾವ, ಈ ಹಿಂದಿನ ಪತ್ರಗಳಲ್ಲಿ ಹೇಳದ್ದನ್ನು ಹೇಳುತ್ತೇನೆ. ಕಳೆದ ಪರೀಕ್ಷೆಯಲ್ಲಿ ನನ್ನ ವಿಷಯದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಫೇಲಾದರು. ಮಕ್ಕಳಿಗೆ ತಲೆಯಿಲ್ಲ ಎಂದು ನಾನು ಅಂದುಕೊಂಡೆ. ನನಗೆ ಕಲಿಸಲು ಬರುವುದಿಲ್ಲ ಎಂದು ಶಾಲೆಯವರು ಅಂದುಕೊಂಡರು. ಸೆಪ್ಟೆಂಬರಿನಲ್ಲಿ ಬರುವ ಅಧಿಕಾರಿ ತಲೆ ಅಲ್ಲಾಡಿಸಿದರೆ ರಸಾಯನಶಾಸ್ತ್ರವನ್ನೇ ನಿಲ್ಲಿಸಿ, ಪ್ರಯೋಗಶಾಲೆಯಲ್ಲಿ ಮುರಿದ ಬೆಂಚುಗಳನ್ನು ತುಂಬುತ್ತಾರಂತೆ. ನನ್ನನ್ನು ಎಲ್ಲಿ ತುಂಬುತ್ತಾರೋ ಹೇಳಿಲ್ಲ.

ಇನ್ನು ಆ ಅರ್ಧ ಡಿಗ್ರಿಯ ಜಗಳ. ನನ್ನ ಮಾತು ನಂಬಬೇಡಿ. ಒಂದೇ ಅಳತೆಯ ನಾಲ್ಕು ಬಲೂನು ಊದಿ, ನಾಲ್ಕರ ಬಾಯನ್ನೂ ಸೇರಿಸಿ ಒಂದೇ ಗಂಟಿಗೆ ಬಿಗಿಯಾಗಿ ಕಟ್ಟಿ. ಆಮೇಲೆ ನೀವೇನೂ ಮಾಡಬೇಡಿ. ಸುಮ್ಮನೆ ನೋಡಿ.

ಪುಟ್ಟಿ


ಜುಲೈ 30

ಮಾವ,

ಹದಿನೆಂಟು ದಿನವಾಯಿತು. ಇಷ್ಟು ಕೋಪವೇ? ಬೇಡವೆಂದರೆ ಬೇಡ ಎಂದಾದರೂ ಒಂದು ಗೆರೆ ಬರೆಯಿರಿ. ಚಪ್ಪಟೆ ಗೆರೆಯಾದರೂ ಪರವಾಗಿಲ್ಲ.

ಪುಟ್ಟಿ


ಆಗಸ್ಟ್ 3

ಪುಟ್ಟಿಗೆ ಆಶೀರ್ವಾದ.

ಕೋಪ ಹತ್ತು ದಿನ ಇತ್ತು, ಸುಳ್ಳು ಹೇಳುವುದಿಲ್ಲ. ಉಳಿದ ದಿನಗಳು ಬಲೂನಿಗೆ ಹೋದವು.

ಅಂಗಡಿಯವನು “ಯಾರದು ಹುಟ್ಟಿದ ದಿನ?” ಅಂದ. “ಇಂಗಾಲದ್ದು,” ಅಂದೆ. ನಾಲ್ಕು ಕಟ್ಟಿಕೊಟ್ಟ. ಮನೆಗೆ ಬಂದು ನಾಲ್ಕನ್ನೂ ಊದಿ ಒಂದೇ ಗಂಟಿಗೆ ಕಟ್ಟಿ ಮೇಜಿನ ಮೇಲಿಟ್ಟೆ. ಮೂರು ಕೆಳಗೆ ಅಗಲಿಸಿ ಕೂತವು, ಒಂದು ಮೇಲಕ್ಕೆ ಎದ್ದು ನಿಂತಿತು. ಇದೇನೋ ಮೇಜಿನ ಮಹಿಮೆ ಎಂದು ಎತ್ತಿ ತಿರುಗಿಸಿ ಬೇರೆ ಬದಿ ಇಟ್ಟೆ. ಮತ್ತೆ ಅದೇ. ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿದೆ, ಕೈ ತೆಗೆದರೆ ಪುಟಿದು ಮೊದಲಿನ ಹಾಗೆಯೇ ನಿಂತವು. ಸಿಟ್ಟು ಬಂದು ಮೇಲೆ ಕೂತೆ. ಆ ಸದ್ದಿಗೆ ಪಕ್ಕದ ಮನೆಯ ದರ್ಜಿ ಕತ್ತರಿ ಹಿಡಿದುಕೊಂಡೇ ಓಡಿಬಂದ.

ಮರುದಿನ ಮತ್ತೆ ನಾಲ್ಕು ತಂದೆ. ಹೀಗೆ ಐದು ದಿನ. ಕೊನೆಗೆ ನನಗೇ ಅರ್ಥವಾಯಿತು. ಯಾರೂ ಅವನ್ನು ಹಾಗೆ ನಿಲ್ಲಿಸುವುದಿಲ್ಲ. ಒಂದೊಂದೂ ಉಳಿದ ಮೂರರಿಂದ ಎಷ್ಟು ದೂರ ಸರಿಯಬಹುದೋ ಅಷ್ಟು ಸರಿಯುತ್ತದೆ, ಗಂಟು ಮಾತ್ರ ಬಿಡಿಸಿಕೊಳ್ಳಲಾಗದು. ನಾವು ಅಣ್ಣತಮ್ಮಂದಿರು ನಾಲ್ವರು ಒಂದೇ ಮನೆಯಲ್ಲಿ ಇದ್ದಾಗ ಹೀಗೆಯೇ ಕೂರುತ್ತಿದ್ದೆವು. ರಟ್ಟು ಕತ್ತರಿಸಿ ಕೋನ ಅಳೆದೆ. ನೂರ ಹತ್ತರ ಆಸುಪಾಸು ಬಂತು. ಬಲೂನಿನ ಮೇಲೆ ಅರ್ಧ ಡಿಗ್ರಿ ಅಳೆಯಲಾಗುವುದಿಲ್ಲ, ಆ ಅರ್ಧವನ್ನು ನಿನ್ನ ಮಾತಿನ ಮೇಲೆ ನಂಬಿದ್ದೇನೆ.

ಸೋತೆ. ನಿನಗಲ್ಲ, ಬಲೂನಿಗೆ.

ಈಗ ಉಂಡೆ ಕೂರಿಸಲು ಮರದ ಬಟ್ಟಲೊಂದು ಮಾಡಿಕೊಂಡಿದ್ದೇನೆ. ಮೊದಲ ತೂತು ಕೊರೆದು, ಅದಕ್ಕೆ ಗೂಟ ಸಿಕ್ಕಿಸಿ, ಉಂಡೆಯನ್ನು ಓರೆ ಮಾಡಿ, ಮೂರು ಪಾಲಾಗಿ ತಿರುಗಿಸುತ್ತ ಉಳಿದ ಮೂರು ತೂತು. ಹನ್ನೆರಡು ಉಂಡೆ ಒಡೆದವು. ಹದಿಮೂರನೆಯದು ಸರಿಯಾಯಿತು. ಮಂಚದ ಕಾಲಿನವರು ಕಾಯುತ್ತಿದ್ದಾರೆ, ಕಾಯಲಿ.

ನಿನ್ನ ತಲೆಯಲ್ಲೂ ಕೈಯಲ್ಲೂ ದೋಷವಿಲ್ಲ. ಚಿತ್ರದಲ್ಲಿ ಇತ್ತು. ಯಾರಾದರೂ ಬೆಂಚು ತುಂಬಲು ಬಂದರೆ ನನಗೆ ಬರೆ.

ಮಾವ

(ಅದೇ ಲಕೋಟೆಯಲ್ಲಿ, ಬೇರೆ ಕೈಬರಹದ ಚೀಟಿ)

ಪುಟ್ಟಿ, ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟರು, ಅದಕ್ಕೇ ಇದನ್ನು ಒಳಗೆ ಸೇರಿಸಿದ್ದೇನೆ. ನಾನು, ನಿನ್ನ ಅತ್ತೆ. ಮಂಚದ ಕಾಲೂ ಇಲ್ಲ, ವಕೀಲರೂ ಇಲ್ಲ. ಎಲ್ಲರೂ ಕಾರ್ಖಾನೆಯ ಸಿದ್ಧ ಪೀಠೋಪಕರಣ ಕೊಳ್ಳುತ್ತಾರೆ. ಲೇತ್ ನಿಂತು ಒಂದು ವರ್ಷದ ಮೇಲಾಗಿತ್ತು. ಫೋನೂ ಸರಿಯಾಗಿದೆ, ಇವರ ಕಿವಿ ಮಂದವಾಗಿದೆ. ಒಪ್ಪಿಕೊಳ್ಳುವುದಿಲ್ಲ, ಜನ ಗೊಣಗುತ್ತಾರೆ ಎನ್ನುತ್ತಾರೆ. ನಿನ್ನ ಮೊದಲ ಪತ್ರ ಬಂದ ಬೆಳಿಗ್ಗೆ ಲೇತ್ ಕೊಂಡು ಒಯ್ಯಲು ಒಬ್ಬರು ಬಂದು ವರಾಂಡದಲ್ಲಿ ಕೂತಿದ್ದರು. ಇವರು ಪತ್ರ ಓದಿ, “ಆಗಲ್ಲ, ಆರ್ಡರ್ ಬಂದಿದೆ,” ಅಂತ ಅವರನ್ನು ಕಳಿಸಿ ಗಡ್ಡ ಬೋಳಿಸಿಕೊಂಡರು. ತಿಂಗಳ ಮೇಲಾಗಿತ್ತು ಬೋಳಿಸಿ. ನಾನು ಹೇಳಿದೆ ಅಂತ ಗೊತ್ತಾಗಬಾರದು. ಇನ್ನೂ ಏನಾದರೂ ಬೇಕು ಅಂತ ಬರೆ. ಕಷ್ಟದ್ದೇ ಕೇಳು.


ಆಗಸ್ಟ್ 11

ಪ್ರೀತಿಯ ಮಾವ,

ಹೊಸ ಉಂಡೆಗಳು ಬಂದವು. ನಾಲ್ಕು ಕೈ ಚಾಚಿ ಮೇಜಿನ ಮೇಲೆ ನಿಂತದ್ದನ್ನು ವಕೀಲಿ ಎಲ್ಲ ಬದಿಯಿಂದ ನೋಡಿ, “ಹೇಗಿಟ್ರೂ ಹಾಗೇ ನಿಲ್ಲುತ್ತಲ್ಲ, ಇದಕ್ಕೆ ತಲೆ ಯಾವುದು ಕಾಲು ಯಾವುದು?” ಎಂದಳು. ಒಂಬತ್ತು ತಿಂಗಳಲ್ಲಿ ಯಾರೂ ನನ್ನನ್ನು ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ.

ನಿಮಗೆ ಕೈತುಂಬ ಕೆಲಸ, ಗೊತ್ತು. ಆದರೂ ನಾಚಿಕೆಬಿಟ್ಟು ಇನ್ನೊಂದು ಕೇಳುತ್ತೇನೆ. ವಜ್ರ ಬೇಕು. ಒಂದೊಂದು ಇಂಗಾಲವೂ ನಾಲ್ಕು ಇಂಗಾಲಗಳ ಕೈ ಹಿಡಿದು ಎಲ್ಲ ದಿಕ್ಕಿಗೂ ಹೆಣೆದುಕೊಂಡು ಹೋಗುತ್ತದೆ. ಎಲ್ಲೂ ಸಡಿಲವಿಲ್ಲ, ಅದಕ್ಕೇ ಅಷ್ಟು ಗಟ್ಟಿ. ಜೊತೆಗೆ ಪೆನ್ಸಿಲಿನ ಗ್ರಾಫೈಟೂ ಬೇಕು. ಅಲ್ಲಿ ಒಂದೊಂದು ಇಂಗಾಲ ಮೂರರ ಕೈ ಮಾತ್ರ ಹಿಡಿದು, ಆರು ಮೂಲೆಯ ಮನೆಗಳಾಗಿ ಚಾಪೆಯ ಹಾಗೆ ಹರಡುತ್ತದೆ. ಆ ಉಂಡೆಗಳಿಗೆ ಮೂರೇ ತೂತು, ಚಪ್ಪಟೆಯಾಗಿ, ನಡುವೆ ನೂರಿಪ್ಪತ್ತು ಡಿಗ್ರಿ. (ಈ ಸಲ ಚಪ್ಪಟೆ ಎಂದರೆ ನಿಜವಾಗಿಯೂ ಚಪ್ಪಟೆ.) ನಾಲ್ಕನೇ ಕೈ ಯಾರೊಬ್ಬರಿಗೂ ಸೇರಿದ್ದಲ್ಲ, ಇಡೀ ಚಾಪೆಯ ಸಾರ್ವಜನಿಕ ಆಸ್ತಿ. ಮೂರು ಚಾಪೆ ಬೇಕು.

ಅತ್ತೆಗೆ ಹೇಳಿ, ಅವರು ಕಳಿಸಿದ ಹೊಲಿಗೆಯ ನಮೂನೆ ತಲುಪಿತು, ಹಾಗೆಯೇ ಮಾಡುತ್ತೇನೆ ಎಂದು.

ಪುಟ್ಟಿ


ಸೆಪ್ಟೆಂಬರ್ 2

ಪುಟ್ಟಿಗೆ,

ಎರಡು ಪೆಟ್ಟಿಗೆ ಬರುತ್ತಿವೆ. ದೊಡ್ಡದರಲ್ಲಿ ವಜ್ರ. ಗಟ್ಟಿ ಎಂದೆಯಲ್ಲ, ಪರೀಕ್ಷೆಗೆ ನಿಮ್ಮತ್ತೆಯನ್ನು ಮೇಲೆ ಕೂರಿಸಿದೆ. ವಜ್ರಕ್ಕೆ ಏನೂ ಆಗಲಿಲ್ಲ. ನನಗೆ ಎರಡು ದಿನ ಸಾರಿಗೆ ಉಪ್ಪು ಬೀಳಲಿಲ್ಲ. ಚಿಕ್ಕದರಲ್ಲಿ ಮೂರು ಚಾಪೆ. ಒಂದರ ಮೇಲೊಂದು ಇಡು, ಕಟ್ಟಬೇಡ.

ಅಲ್ಲ, ನಿಮ್ಮತ್ತೆ ಯಾವ ಹೊಲಿಗೆಯ ನಮೂನೆ ಕಳಿಸಿದಳು? ಅವಳಿಗೆ ಗುಂಡಿ ಹಾಕಲೂ ಬರುವುದಿಲ್ಲ. ಕೇಳಿದರೆ ಕಿಟಕಿ ಒರೆಸಲು ಹೋದಳು.

ಮಾವ


ಸೆಪ್ಟೆಂಬರ್ 16

ಪ್ರೀತಿಯ ಮಾವ,

ಅಧಿಕಾರಿ ಬಂದು ಹೋದರು. ಮೊದಲಿಂದ ಹೇಳುತ್ತೇನೆ, ಕೊನೆಯ ಸಾಲಿಗೆ ಹಾರಬೇಡಿ.

ಸಣಕಲು ಮನುಷ್ಯ, ಕಂಕುಳಲ್ಲಿ ಫೈಲು, ಮುಖದಲ್ಲಿ ಮೊದಲೇ ಬರೆದಿಟ್ಟ ವರದಿ. ನಾನು ಬಾಯಿ ತೆರೆಯುವ ಮೊದಲೇ ತಾವೇ ಸೀಮೆಸುಣ್ಣ ಎತ್ತಿಕೊಂಡು ಬೋರ್ಡಿನ ಮೇಲೆ ಮೀಥೇನ್ ಬರೆದರು. ನಡುವೆ ಒಂದು ಅಕ್ಷರ, ನಾಲ್ಕು ದಿಕ್ಕಿಗೆ ನಾಲ್ಕು ಗೆರೆ. “ಇದರ ಆಕಾರ ಯಾರು ಹೇಳ್ತೀರಿ?” ಎಂದರು.

ವಕೀಲಿ ಎದ್ದು ನಿಂತಳು.

“ಸರ್, ನೀವು ಬರೆದಿದ್ದು ಚಪ್ಪಟೆ ಆಯ್ತು.”

ಮುಖ್ಯೋಪಾಧ್ಯಾಯಿನಿಯವರಿಗೆ ಕೆಮ್ಮು ಬಂತು. ಅಧಿಕಾರಿ ಕನ್ನಡಕ ಕೆಳಗಿಳಿಸಿ, “ಹಾಗಂತ ಯಾರು ಹೇಳಿದ್ರು?” ಎಂದರು.

“ಬಲೂನು, ಸರ್.”

ಆಮೇಲೆ ಮಕ್ಕಳನ್ನು ಹಿಡಿಯುವವರೇ ಇಲ್ಲ. ನಾಲ್ವರು ನಾಲ್ಕು ಬಲೂನು ಊದಿ ಅಧಿಕಾರಿಯ ಕೈಗೇ ಗಂಟು ಕೊಟ್ಟರು. ಅಧಿಕಾರಿ ಒತ್ತಿದರು, ಬಿಟ್ಟರು, ಒತ್ತಿದರು, ಬಿಟ್ಟರು. ಪುಣ್ಯಕ್ಕೆ ಮೇಲೆ ಕೂರಲಿಲ್ಲ. ವಜ್ರವನ್ನು ಎರಡೂ ಕೈಯಲ್ಲಿ ಹಿಸುಕಿ ನೋಡಿದರು, ಜಗ್ಗಲಿಲ್ಲ. “ಎರಡೂ ಬರೀ ಇಂಗಾಲವೇ ಆದ್ರೆ ಪೆನ್ಸಿಲ್ ಯಾಕೆ ಮೆತ್ತಗೆ?” ಎಂದು ಕೇಳುತ್ತ ಚಾಪೆಗಳ ಮೇಲೆ ಕೈ ಊರಿದರು. ಮೇಲಿನ ಚಾಪೆ ಸುಯ್ ಎಂದು ಜಾರಿ, ಹೋಗುತ್ತಾ ಅವರ ಟೀ ಲೋಟವನ್ನೂ ಕರೆದುಕೊಂಡು ಫೈಲಿನ ಮೇಲೆ ಹೋಗಿ ಕೂತಿತು. ವಕೀಲಿ ತನ್ನ ಕರವಸ್ತ್ರದಿಂದ ಫೈಲು ಒರೆಸುತ್ತ, “ಪೆನ್ಸಿಲ್ ಬರೆಯೋದೂ ಹೀಗೇನೇ ಸರ್. ಒಂದೊಂದೇ ಪದರ ಜಾರಿ ಕಾಗದದ ಮೇಲೆ ಉಳೀತದೆ,” ಎಂದಳು.

ಅವರು ಒದ್ದೆ ಫೈಲು ಹಿಡಿದು ಹೋದರು. ಐದು ದಿನ ನನಗೆ ಊಟ ಸೇರಲಿಲ್ಲ. ನಿನ್ನೆ ಆದೇಶ ಬಂತು, ಟೀ ಕಲೆಯ ಸಮೇತ. ರಸಾಯನಶಾಸ್ತ್ರ ಉಳಿಯಿತು. ನಾನೂ ಉಳಿದೆ. ಮೇ ತಿಂಗಳಿಂದ ಒಂದು ರಾಜೀನಾಮೆ ಪತ್ರ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ ಮಾವ, ಅಮ್ಮನಿಗೂ ಹೇಳಿರಲಿಲ್ಲ. ನಿನ್ನೆ ಹರಿದೆ.

ಎರಡು ವಿಷಯ ಉಳಿದಿವೆ. ಈ ಮಾದರಿಗಳು ಇನ್ನೂ ಹಲವು ಶಾಲೆಗಳಿಗೆ ಬೇಕಂತೆ, ಮಾಡಿದವರ ವಿಳಾಸ ಕೊಡಿ ಎಂದು ಆದೇಶದ ಕೊನೆಯಲ್ಲಿ ಬರೆದಿದ್ದಾರೆ. ನಿಮ್ಮ ಲೇತಿಗೆ ಬಿಡುವಿಲ್ಲದಿರುವಾಗ ಕೊಡಲೋ ಬೇಡವೋ? ಎರಡನೆಯದು, ಆ ಚಾಪೆಯನ್ನು ಮಡಚಿ ಚೆಂಡು ಮಾಡಲಾಗುತ್ತದೆಯೇ ಎಂದು ವಕೀಲಿ ಕೇಳಿದಳು. ಆಗುತ್ತದೆ. ಅರವತ್ತು ಇಂಗಾಲ ಸೇರಿ ಕಾಲ್ಚೆಂಡಿನ ಹಾಗೆ ಟೊಳ್ಳು ಉಂಡೆಯಾಗುತ್ತವೆ. ತೋರಿಸಲು ನನ್ನ ಬಳಿ ಇಲ್ಲ ಎಂದೆ. “ನಿಮ್ಮ ಮಾವ ಇದ್ದಾರಲ್ಲ,” ಎಂದಳು.

ಪುಟ್ಟಿ


ಅಕ್ಟೋಬರ್ 9

ಪುಟ್ಟಿಗೆ ಆಶೀರ್ವಾದ.

ಕೊನೆಯ ಸಾಲಿಗೇ ಮೊದಲು ಹಾರಿದೆ, ಆಮೇಲೆ ಮೇಲಿಂದ ಓದಿದೆ. ದರ್ಜಿಗೂ ಓದಿ ಹೇಳಿದೆ. ನಿಮ್ಮತ್ತೆಗೆ ಮೂರು ಸಲ.

ರಾಜೀನಾಮೆ ಬರೆದು ಚೀಲದಲ್ಲಿ ಇಟ್ಟುಕೊಂಡು ತಿರುಗುವುದು ಎಂಥ ಕೆಲಸ? ಹರಿದೆ ಎನ್ನುತ್ತೀಯ, ನಂಬುವುದು ಹೇಗೆ? ಚೂರುಗಳನ್ನು ಕಳಿಸು, ಜೋಡಿಸಿ ನೋಡುತ್ತೇನೆ. ಜೋಡಿಸುವ ಕೆಲಸ ಈಗ ಚೆನ್ನಾಗಿ ಬರುತ್ತದೆ.

ವಿಳಾಸ ಕೊಡು. ಬಿಡುವಿದೆ. ಬಿಡುವಲ್ಲದೆ ಬೇರೇನೂ ಇರಲಿಲ್ಲ, ಅದು ನಿನಗೆ ಆಗಸ್ಟಿನಿಂದಲೇ ಗೊತ್ತು. ನೀವಿಬ್ಬರೂ ಸುಳ್ಳು ಹೇಳುವುದನ್ನು ನನ್ನಿಂದಲಾದರೂ ಕಲಿಯಬೇಕಿತ್ತು.

ಈಗ ಅರವತ್ತರ ವಿಷಯ. ಬರೀ ಆರು ಮೂಲೆಯ ಮನೆ ಜೋಡಿಸಿದರೆ ಎಷ್ಟು ಹೋದರೂ ಚಾಪೆಯೇ. ನಡುನಡುವೆ ಐದು ಮೂಲೆಯದೊಂದು ಸೇರಿಸಿದ ಕೂಡಲೇ ಅದು ಬಾಗಲು ಶುರು. ಇಪ್ಪತ್ತು ಆರರವು, ಹನ್ನೆರಡು ಐದರವು. ಕಡ್ಡಿಗೆ ಬೆತ್ತ ಬಳಸಿದೆ, ಬಾಗಿ ಕೊಡುತ್ತದೆ. ಕೊನೆಯ ಬೆಂಚಿನ ಆ ಹುಡುಗಿಗೂ ಕಾಣಲಿ ಎಂದು ಒಂದೊಂದು ಕಡ್ಡಿಯನ್ನೂ ಗೇಣುದ್ದ ಇಟ್ಟೆ. ಕಡ್ಡಿ ತೊಂಬತ್ತು, ಹನ್ನೊಂದು ದಿನ ಹಿಡಿಯಿತು. ಒಳಗಿಂದ ಹಿಡಿಯಲು ಒಬ್ಬರು ಬೇಕಿತ್ತು, ನಿಮ್ಮತ್ತೆ ಒಳಗೆ ಕೂತಳು. ಕೊನೆಯ ಮೂರು ಉಂಡೆ ಸಿಕ್ಕಿಸುವ ಮೊದಲು ಅವಳನ್ನು ನೆನಪಿಟ್ಟು ಹೊರಗೆ ಕರೆದೆ. ಮರೆತಿದ್ದೆ ಎಂದು ಅವಳು ಹೇಳಿದರೆ ನಂಬಬೇಡ.

ಮುಗಿದ ಮೇಲೆ ಇಬ್ಬರೂ ದೂರ ನಿಂತು ನೋಡಿದೆವು. ನಾನು ಜನ್ಮದಲ್ಲಿ ಮಾಡಿದ ಯಾವುದೂ ಇಷ್ಟು ಚೆನ್ನಾಗಿರಲಿಲ್ಲ. ಆಗ ನಿಮ್ಮತ್ತೆ, “ಇದು ಹೊರಗೆ ಹೋಗೋದು ಹೇಗೆ?” ಅಂದಳು.

ಉಂಡೆಯ ಅಗಲ ನಾಲ್ಕೂವರೆ ಅಡಿ. ವರ್ಕ್‌ಶಾಪಿನ ಬಾಗಿಲು ಮೂರು.

“ಬಿಚ್ಚಿ ಒಯ್ಯಿರಿ, ಅಲ್ಲೇ ಜೋಡಿಸಿದರಾಯ್ತು,” ಎಂದು ದರ್ಜಿ ಬುದ್ಧಿ ಹೇಳಿದ. ತೊಂಬತ್ತು ಕಡ್ಡಿ ಸಿಕ್ಕಿಸಿದವನು ಅವನಲ್ಲ. ಬೆಳಿಗ್ಗೆಯಿಂದ ಗೋಡೆ ಒಡೆಯುತ್ತಿದ್ದೇವೆ. ಬಾಗಿಲು, ಚೌಕಟ್ಟು, ಪಕ್ಕದ ಕಿಟಕಿ ಎಲ್ಲ ತೆಗೆದಾಯಿತು. ಒಳಗೆ ಇಷ್ಟು ಬೆಳಕು ಬರಬಹುದೆಂದು ಗೊತ್ತಿರಲಿಲ್ಲ. ನಿಮ್ಮತ್ತೆ ತಲೆಗೆ ಬಟ್ಟೆ ಕಟ್ಟಿಕೊಂಡು ಇಟ್ಟಿಗೆ ಎಣಿಸುತ್ತಿದ್ದಾಳೆ.

ಮೇಲೆ ತೆರೆದಿರುವ ಟೆಂಪೋ ಗೊತ್ತುಮಾಡಿದ್ದೇನೆ. ಭಾನುವಾರ ಹೊರಟು, ಸೋಮವಾರ ಶಾಲೆ ಶುರುವಾಗುವ ಹೊತ್ತಿಗೆ ಇಬ್ಬರೂ ಅಲ್ಲಿರುತ್ತೇವೆ. ಮಕ್ಕಳಿಗೆ ಜೋರಾಗಿ ಮಾತಾಡಲು ಹೇಳು, ನನ್ನ ಕಿವಿ ಸ್ವಲ್ಪ ಮಂದ.

ಈ ಪತ್ರ ಸಿಕ್ಕಿದ ಕೂಡಲೇ ನಿನ್ನ ತರಗತಿಯ ಬಾಗಿಲಿನ ಅಗಲ ಅಳೆದು ನಿಮ್ಮತ್ತೆಗೆ ಫೋನಿನಲ್ಲಿ ತಿಳಿಸು. ನಿಮ್ಮ ಮುಖ್ಯೋಪಾಧ್ಯಾಯಿನಿಯವರಿಗೆ ಈಗಲೇ ಏನೂ ಹೇಳಬೇಡ. ಸುತ್ತಿಗೆ ನಾನೇ ತರುತ್ತೇನೆ.

ನಿನ್ನ ಮಾವ